ಕ್ರೇನ್ ಸೀನಪ್ಪನ ಬೇಸಿಗೆ ರಜೆ

ಊರಿಗಾಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಸೀನಪ್ಪನ ಮನೆ ಯಾವುದು ಎಂದು ಕೇಳಿದರೆ ಮೂರು ಮನೆ ತೋರಿಸುತ್ತಾರೆ. ಕ್ರೇನ್ ಸೀನಪ್ಪ ಎಂದರೆ ಮಾತ್ರ ಒಂದೇ. ಬೂದಿಕೋಟೆ ಕಡೆಯ ಹಳ್ಳಿಯೊಂದರಲ್ಲಿ, ರಾಗಿ ಹೊಲ ಮತ್ತು ಎರಡು ಸೀಮೆಹಸು ಇದ್ದ ಮನೆಯಲ್ಲಿ ಹುಟ್ಟಿದವನು. ಇಪ್ಪತ್ತಾರನೇ ವಯಸ್ಸಿಗೆ ಕೆಜಿಎಫ್‌ನ ಕಾರ್ಖಾನೆಯೊಂದಕ್ಕೆ ಸೇರಿದ. ಅಲ್ಲಿ ದೊಡ್ಡ ಶೆಡ್ಡಿನ ಸೂರಿನಡಿ ಈ ತುದಿಯಿಂದ ಆ ತುದಿಗೆ ಓಡಾಡುವ ಕ್ರೇನಿನ ಕ್ಯಾಬಿನ್ನಿನಲ್ಲಿ, ನೆಲದಿಂದ ನಲವತ್ತಡಿ ಮೇಲೆ, ಮೂವತ್ತನಾಲ್ಕು ವರ್ಷ ಒಬ್ಬನೇ ಕೂತಿದ್ದು ನಿವೃತ್ತನಾಗಿ ಕೆಳಗಿಳಿದ.

ಅಷ್ಟು ವರ್ಷ ಎಲ್ಲರನ್ನೂ ಮೇಲಿನಿಂದಲೇ ನೋಡಿದ್ದರಿಂದ ಜೊತೆಯವರ ಮುಖದ ಪರಿಚಯ ಅವನಿಗೆ ಅಷ್ಟಕ್ಕಷ್ಟೆ. ನೆತ್ತಿಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು. ಸಾಹೇಬರು ಬಂದಾಗ ಮಾತ್ರ ಹೆಲ್ಮೆಟ್ಟು ತಲೆಗೇರುತ್ತಿದ್ದ ಕಾಲ ಅದು. ಯಾರಿಗೆ ಎಲ್ಲಿಂದ ಕೂದಲು ಉದುರಲು ಶುರುವಾಯಿತು, ಯಾರು ಯಾವ ವರ್ಷ ಬಣ್ಣ ಹಚ್ಚಲು ಹಿಡಿದರು, ಎಲ್ಲ ಅವನ ಕಣ್ಣ ಕೆಳಗೇ ನಡೆದಿತ್ತು. ಬೀಳ್ಕೊಡುಗೆಯ ದಿನ ಹಾರ ಹಾಕಲು ಬಂದವರನ್ನು ಯಾರು ಯಾರೆಂದು ತಿಳಿಯದೆ ಅವನು ಮಿಕಿಮಿಕಿ ನೋಡುತ್ತ ನಿಂತ. ಚಿಕ್ಕವರು ಕಾಲಿಗೆ ಬಗ್ಗಿದಾಗ ಮಾತ್ರ "ಓ, ನೀನಾ" ಎಂದು ಗುರುತು ಹಿಡಿದ.

ಮಾತೂ ಕಡಿಮೆ. ಕ್ಯಾಬಿನ್ನಿನಲ್ಲಿ ಮಾತಾಡಲು ಯಾರಿದ್ದಾರೆ. ಕೆಳಗೆ ನಿಂತು ಭಾರ ಕಟ್ಟುವ ಖಲಾಸಿ ಕೈಯಲ್ಲಿ ಏನು ಸನ್ನೆ ಮಾಡುತ್ತಾನೋ ಮೇಲಿನವನು ಅದನ್ನಷ್ಟೇ ಮಾಡಬೇಕು. ತೋರುಬೆರಳನ್ನು ಮೇಲಕ್ಕೆ ಮಾಡಿ ಸುತ್ತಿದರೆ ಎತ್ತು, ಕೆಳಕ್ಕೆ ಮಾಡಿ ಸುತ್ತಿದರೆ ಇಳಿಸು, ಅಂಗೈ ತಳ್ಳಿದರೆ ಆ ಕಡೆ ನಡಿ. ಕೇಳಬೇಕಾದದ್ದು ಒಬ್ಬನೇ ಖಲಾಸಿಯ ಸನ್ನೆ. ಎರಡೂ ಕೈ ಎತ್ತಿ ಬೀಸಿದರೆ ಮಾತ್ರ, ಬೀಸಿದವನು ಗೇಟಿನ ಕಾವಲುಗಾರನೇ ಆಗಿರಲಿ, ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸಬೇಕು. ಆಮೇಲೆ ಖಲಾಸಿ ಹೇಳುವವರೆಗೆ ಅಲ್ಲಾಡಕೂಡದು. ಸೀನಪ್ಪ ಸರಿಯಾದ ಸನ್ನೆಯೊಂದನ್ನು ಮೀರಿದ್ದು ಅವನ ಸರ್ವಿಸಿನಲ್ಲೇ ಇಲ್ಲ. ಮನೆಯಲ್ಲೂ ಸಾರು ಸಾಕು ಅನ್ನುವುದಕ್ಕೆ ತಟ್ಟೆಯ ಮೇಲೆ ಅಂಗೈ ಅಡ್ಡ ಬೀಸುತ್ತಿದ್ದ. ಹೆಂಡತಿ ಅನಸೂಯಮ್ಮ ನೊಣ ಓಡಿಸುತ್ತಿದ್ದಾನೆ ಅಂದುಕೊಂಡು ಇನ್ನೊಂದು ಸೌಟು ಬಡಿಸುತ್ತಿದ್ದಳು.

ಇಂಥವನ ಪಾಲಿಗೆ ಈ ಬೇಸಿಗೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಲಿಖಿತ ಬಂದಳು, ಎರಡೂ ಕಾಲಿಗೆ ಕಟ್ಟು ಹಾಕಿಸಿಕೊಂಡು.

ಲಿಖಿತ ಅವನ ಮಗಳು ಶ್ಯಾಮಲಳ ಮಗಳು. ಮನೆ ಬಂಗಾರಪೇಟೆಯಲ್ಲಿ. ಶ್ಯಾಮಲ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾಳೆ. ಅಳಿಯ ಸುಧಾಕರ್ ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತಿದರೆ ಕತ್ತಲಾದ ಮೇಲೆಯೇ ಇಳಿಯುವುದು. ಏಪ್ರಿಲ್ ಹತ್ತರಂದು ಶಾಲೆಯಲ್ಲಿ ಫಲಿತಾಂಶ ಓದಿ, ಇನ್ನು ಮೇ ಇಪ್ಪತ್ತೆಂಟರವರೆಗೆ ರಜೆ ಎಂದು ಹೆಡ್ ಮೇಡಂ ಹೇಳಿದರು. ಅವರು ಮೈಕು ಆರಿಸುವ ಮೊದಲೇ ಲಿಖಿತ ಸಂತೋಷ ತಡೆಯಲಾರದೆ ಮೈದಾನದ ಮೋಟುಗೋಡೆ ಹತ್ತಿ, ಎರಡೂ ಕಾಲು ಜೋಡಿಸಿ ಹಾರಿದಳು. ಅವಳ ಜೊತೆ ಇನ್ನೂ ನಾಲ್ವರು ಹಾರಿದ್ದರು, ಅವರಿಗೇನೂ ಆಗಲಿಲ್ಲ. ಲಿಖಿತ ಬಿದ್ದ ಕಡೆ ಒಂದು ಕಲ್ಲಿತ್ತು. ಏಳು ವಾರದ ರಜೆ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಎಡಗಾಲಿನ ಮೂಳೆ ಮುರಿದಿತ್ತು, ಬಲಗಾಲಿನ ಹಿಮ್ಮಡಿಯ ಹತ್ತಿರ ಬಿರುಕು. ಆಸ್ಪತ್ರೆಯಲ್ಲಿ ಹಸಿರು ಬಣ್ಣದ ಹೊಸ ಥರದ ಕಟ್ಟು ಇದೆ ಎಂದಾಗ ಲಿಖಿತ ಅಳು ನಿಲ್ಲಿಸಿದಳು. ಆದರೆ ಎಡಗಾಲಿಗೆ ತೊಡೆಯವರೆಗೆ ಸುತ್ತಿ ಮುಗಿಸುವಷ್ಟರಲ್ಲಿ ಹಸಿರು ಖಾಲಿಯಾಯಿತು. ಬಲಗಾಲಿಗೆ ಮೊಣಕಾಲವರೆಗೆ ಮಾಮೂಲಿ ಬಿಳಿ ಕಟ್ಟೇ ಗತಿ. ಕಾಲು ಮುರಿದದ್ದಕ್ಕಿಂತ ಜೋಡಿ ಸರಿಹೋಗದ್ದಕ್ಕೆ ಅವಳು ಹೆಚ್ಚು ಅತ್ತಳೆಂದು ಶ್ಯಾಮಲ ಫೋನಿನಲ್ಲಿ ಹೇಳಿದಳು. ಆರು ವಾರ ನೆಲಕ್ಕೆ ಕಾಲಿಡುವಂತಿಲ್ಲ, ಹಗಲು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಕರೆದುಕೊಂಡು ಬರುತ್ತೇನೆ ಅಂದಳು. ಸೀನಪ್ಪ ಫೋನಿಗೆ ಹೆಬ್ಬೆರಳು ಎತ್ತಿ ತೋರಿಸಿದ. ಪಕ್ಕದಲ್ಲಿದ್ದ ಅನಸೂಯಮ್ಮ ಆಯಿತಂತೆ ಅಂತ ಬಾಯಿಬಿಟ್ಟು ಹೇಳಬೇಕಾಯಿತು.

ಮೊದಲ ವಾರ ಬಹಳ ಕೆಟ್ಟದಾಗಿತ್ತು. ಜೊತೆಯ ಹುಡುಗಿಯರು ಈಜು ಕಲಿಯುವ ಫೋಟೋಗಳು ಶ್ಯಾಮಲಳ ಫೋನಿಗೆ ಬರುತ್ತಿದ್ದವು, ಅವನ್ನು ಯಾರೂ ತೋರಿಸದಿದ್ದರೂ ಲಿಖಿತಳಿಗೆ ಗೊತ್ತಿತ್ತು. ಹಜಾರದ ಮಂಚದ ಮೇಲೆ ಗೋಡೆಗೆ ಒರಗಿ, ಹಸಿರು ಕಾಲನ್ನೂ ಬಿಳಿ ಕಾಲನ್ನೂ ಮುಂದೆ ಚಾಚಿಕೊಂಡು, ಯಾರು ಏನು ಕೇಳಿದರೂ ಹೂಂ ಅಥವಾ ಊಹೂಂ. ಎದುರು ಮನೆಯ ಮಾರಿಯಮ್ಮ ದಿನಕ್ಕೆರಡು ಸಲ ಬಂದು ನೋಡುವಳು. ಕನ್ನಡ ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಆಕೆ, ಈ ಮಾವುಕಟ್ಟಿನ, ಅಂದರೆ ಪ್ಲಾಸ್ಟರಿನ, ಬದಲು ಆಂಧ್ರದ ಪುತ್ತೂರಿಗೆ ಕರೆದುಕೊಂಡು ಹೋಗಿ ಸೊಪ್ಪಿನ ಕಟ್ಟು ಹಾಕಿಸಿದ್ದರೆ ಪಾಪ ಇಷ್ಟೊತ್ತಿಗೆ ಓಡಾಡುತ್ತಿತ್ತು ಎಂದು ಹೇಳಿ, ಕಾಫಿ ಕುಡಿದು ಹೋಗುವಳು.

ಸೀನಪ್ಪ ತನ್ನ ಕೈಲಾದದ್ದು ಮಾಡಿದ. ಚೌಕಾಬಾರ ಹಾಕಿದ. ಮೂರು ಆಟವೂ ಸೋತ. ಬೇಕು ಅಂತ ಸೋಲುತ್ತಿದ್ದೀಯ, ನನಗೆ ಕರುಣೆ ಬೇಡ ಎಂದು ಲಿಖಿತ ಕವಡೆ ಎಸೆದಳು. ಅವನು ನಿಜವಾಗಿಯೇ ಸೋತಿದ್ದ. ಕವಡೆ ಹೆಕ್ಕಿಕೊಂಡು ಎದ್ದುಹೋದ.

ಎಂಟನೆಯ ದಿನ ಮಧ್ಯಾಹ್ನ ಅವನು ಅವಳ ಬೆನ್ನಿಗೆ ದಿಂಬು ಸರಿಮಾಡುತ್ತಿದ್ದ. ಲಿಖಿತಳಿಗೆ ಮಾತಾಡಲು ಇಷ್ಟವಿರಲಿಲ್ಲ. ಇನ್ನೂ ಮೇಲೆ ಅನ್ನುವ ಹಾಗೆ ಬೆರಳನ್ನು ಮೇಲೆ ಮಾಡಿ ಸುತ್ತಿದಳು. ಸೀನಪ್ಪನ ಕೈಗಳು ಅವನನ್ನು ಕೇಳದೆ ದಿಂಬನ್ನು ಎತ್ತಿದವು. ಹೆಚ್ಚಾಯಿತೆಂದು ಅವಳು ಬೆರಳನ್ನು ಕೆಳಗೆ ಮಾಡಿ ಸುತ್ತಿದಳು. ದಿಂಬು ಇಳಿಯಿತು. ಲಿಖಿತ ತಾತನ ಮುಖ ನೋಡಿದಳು. ಪರೀಕ್ಷೆಗೆಂದು ಇನ್ನೊಮ್ಮೆ ಮೇಲೆ ಸುತ್ತಿದಳು, ದಿಂಬು ಎದ್ದಿತು. ಸುತ್ತುತ್ತಲೇ ಇದ್ದಳು, ದಿಂಬು ಅವಳ ತಲೆ ದಾಟಿ, ಸೀನಪ್ಪ ತುದಿಗಾಲಲ್ಲಿ ನಿಂತು, ಫ್ಯಾನಿನ ರೆಕ್ಕೆಗೆ ತಾಗುವಷ್ಟು ಹೋಯಿತು. ಊರಿಗಾಮಿಗೆ ಬಂದ ಮೇಲೆ ಲಿಖಿತ ನಕ್ಕದ್ದು ಆವತ್ತೇ ಮೊದಲು.

ಸಂಜೆಯೊಳಗೆ ಅವಳು ಎಲ್ಲ ಸನ್ನೆಗಳನ್ನೂ ಕಲಿತಳು. ಮಾರನೆಯ ದಿನದಿಂದ ಮನೆಯಲ್ಲಿ ವಸ್ತುಗಳು ಓಡಾಡತೊಡಗಿದವು. ಟೀವಿ ಹತ್ತಿರ ಬಂತು, ಕುರ್ಚಿ ಕಿಟಕಿಗೆ ಹೋಯಿತು, ಅಟ್ಟದ ಮೇಲಿದ್ದ ಚಕ್ಕುಲಿ ಡಬ್ಬ ಮಂಚಕ್ಕೆ ಇಳಿಯಿತು. ನೆಂಟರ ಮದುವೆಮನೆಗೆಂದು ತುಂಬಿಟ್ಟಿದ್ದ ಡಬ್ಬ ಅರ್ಧ ಖಾಲಿಯಾದದ್ದನ್ನು ಅನಸೂಯಮ್ಮ ನೋಡಿ ಗಂಡನನ್ನು ವಿಚಾರಿಸಿದಳು.

"ಅವ್ಳು ಇಳ್ಸು ಅಂದ್ಲು, ಇಳ್ಸಿದೆ" ಅಂದ ಸೀನಪ್ಪ.

"ಅವ್ಳು ಬಾವಿಗೆ ಬೀಳು ಅಂದ್ರೆ?"

ಸೀನಪ್ಪ ಸ್ವಲ್ಪ ಯೋಚಿಸಿ, ಅದಕ್ಕೆ ಸನ್ನೆ ಇಲ್ಲ ಅಂದ.

ಮೂವತ್ತೈದು ವರ್ಷ ಸಂಸಾರ ಮಾಡಿದ ಅನಸೂಯಮ್ಮನಿಗೆ ಗಂಡನನ್ನು ನಡೆಸುವ ವಿದ್ಯೆ ಇಷ್ಟು ಸುಲಭದ್ದೆಂದು ಆವತ್ತಿನವರೆಗೆ ಗೊತ್ತಿರಲಿಲ್ಲ. ಆಕೆ ಒಂದೇ ಸನ್ನೆ ಕಲಿತಳು, ನಿಲ್ಲಿಸುವುದು. ಅಡುಗೆಮನೆ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸಿದರೆ ಸೀನಪ್ಪ ಡಬ್ಬ ಹಿಡಿದುಕೊಂಡು ಅಟ್ಟದ ಏಣಿಯ ಮೇಲೆಯೇ ಕಲ್ಲಾಗುತ್ತಿದ್ದ. ಒಂದು ದಿನ ಆಕೆ ಒಗೆದ ಸೀರೆ ಕೊಡವುತ್ತಿದ್ದಾಗಲೂ ಅವನು ಒಂದು ಕಾಲು ಹೊಸಿಲಾಚೆ ಇಟ್ಟು ನಿಂತುಬಿಟ್ಟಿದ್ದ.

ಏಪ್ರಿಲ್ ಕೊನೆಗೆ ಬಿಸಿಲು ಏರಿತು. ಕಟ್ಟಿನೊಳಗೆ ನವೆ ಶುರುವಾಯಿತು. ಲಿಖಿತ ಸ್ಕೇಲು ತೂರಿಸಿ ಕೆರೆದುಕೊಳ್ಳುವುದನ್ನು ಕಂಡು ಸೀನಪ್ಪ ಕಿತ್ತಿಟ್ಟ, ಒಳಗೆ ಗಾಯವಾದೀತೆಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ದಿಂಬು ಕಚ್ಚಿಕೊಂಡು ಅಳುವುದನ್ನೂ ಅವನಿಂದ ನೋಡಲಾಗಲಿಲ್ಲ. ಕಾರ್ಖಾನೆಯಲ್ಲಿ ಮೋಟರು ಬಿಸಿಯಾದರೆ ಏನು ಮಾಡುತ್ತಿದ್ದರೆಂದು ಯೋಚಿಸಿ, ಹಿತ್ತಿಲಿನಿಂದ ಸೈಕಲ್ ಪಂಪು ತಂದ. ಬೆರಳುಗಳ ಕಡೆಯಿಂದ ಮೆಲ್ಲಗೆ ಗಾಳಿ ಹೊಡೆದಾಗ ಲಿಖಿತ ಕಣ್ಣು ಮುಚ್ಚಿಕೊಂಡು ಹಾಯಾಗಿ ಉಸಿರುಬಿಟ್ಟಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಜೊತೆಗೆ ಸ್ವಲ್ಪ ಪೌಡರೂ ಹೋದರೆ ಇನ್ನೂ ತಂಪು ಎಂದು ಅವನಿಗೆ ಹೊಳೆಯಿತು. ಅರ್ಧ ಡಬ್ಬ ಪೌಡರು ಸುರಿದು ಜೋರಾಗಿ ಪಂಪು ಒತ್ತಿದ. ಒಳಗೆ ಏನಾಗುತ್ತಿದೆಯೋ ಎಂದು ಅನಸೂಯಮ್ಮ ತೊಡೆಯ ಕಡೆಯಿಂದ ಬಗ್ಗಿ ಇಣುಕಿದ್ದೂ ಅದೇ ಹೊತ್ತಿಗೆ. ಮಧ್ಯಾಹ್ನದ ಕಾಫಿಗೆ ಬಂದ ಮಾರಿಯಮ್ಮ, ಹಜಾರದಲ್ಲಿ ಮೂರು ಬಿಳಿ ಮುಖಗಳು ಕೆಮ್ಮುತ್ತ ಕೂತಿರುವುದನ್ನು ಕಂಡು ಬಾಗಿಲಿಂದಲೇ ವಾಪಸು ಹೋದಳು.

ನವೆಗಿಂತ ದೊಡ್ಡ ತೊಂದರೆ ಎತ್ತಿ ಇಳಿಸುವುದರದ್ದು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ವರಾಂಡಕ್ಕೆ ದಿನಕ್ಕೆ ಹತ್ತು ಸಲ ಇಬ್ಬರೂ ಸೇರಿ ಅವಳನ್ನು ಎತ್ತಬೇಕು. ಅನಸೂಯಮ್ಮನ ಸೊಂಟ ಹಿಡಿದುಕೊಂಡಿತು. ಆಗ ಸೀನಪ್ಪ ವೆಂಕಿಗೆ ಫೋನು ಮಾಡಿದ.

ವೆಂಕಿ ಹದಿನೈದು ವರ್ಷ ಅವನ ಕ್ರೇನಿನ ಕೆಳಗೆ ಖಲಾಸಿಯಾಗಿದ್ದವನು, ನೆತ್ತಿಯ ಮೇಲೆ ಎರಡು ಸುಳಿ ಇರುವವನು. ಈಗ ಆಟೊ ಓಡಿಸುತ್ತಿದ್ದ. ಅವನು ಪರಿಚಯದ ವೆಲ್ಡಿಂಗ್ ಅಂಗಡಿಯಿಂದ ಒಂದು ಚೈನ್ ಬ್ಲಾಕ್ ತಂದುಕೊಟ್ಟ. ಸರಪಳಿ ಎಳೆದರೆ ಕಾರಿನ ಇಂಜಿನ್ನನ್ನೂ ಎತ್ತುವಂಥದ್ದು. ಹಳೆಯ ಚಿನ್ನದ ಗಣಿ ಕಂಪನಿ ಕಾಲದ ಆ ಮನೆಯ ವರಾಂಡಕ್ಕೆ ರೈಲುಕಂಬಿಯನ್ನೇ ತೊಲೆಯಾಗಿ ಹಾಕಿದ್ದರು. ಅದಕ್ಕೆ ಬ್ಲಾಕ್ ತೂಗುಹಾಕಿ, ದಪ್ಪ ಜಮಖಾನೆಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ತೊಟ್ಟಿಲಿನಂತೆ ಮಾಡಿದರು.

ಪರೀಕ್ಷೆ ಮಾಡದೆ ಮಗುವನ್ನು ಕೂರಿಸುವವನಲ್ಲ ಸೀನಪ್ಪ. ಮೊದಲು ತಾನೊಬ್ಬನೇ ತೂಕದ ಯಂತ್ರದ ಮೇಲೆ ನಿಂತ, ಆಮೇಲೆ ಲಿಖಿತಳನ್ನು ಎತ್ತಿಕೊಂಡು ನಿಂತ. ಕಟ್ಟೂ ಸೇರಿ ಅವಳು ಇಪ್ಪತ್ತೇಳು ಕೆ.ಜಿ. ನಿಯಮದ ಪ್ರಕಾರ ಕಾಲು ಭಾಗ ಹೆಚ್ಚು ತೂಕ ಹಾಕಿ ನೋಡಬೇಕು ಎಂದು ಅರ್ಧ ಮೂಟೆ ರಾಗಿಯ ಜೊತೆಗೆ ರುಬ್ಬುಗುಂಡನ್ನೂ ಜಮಖಾನೆಯಲ್ಲಿ ಕೂರಿಸಿ ಒಂದು ಗಂಟೆ ತೂಗುಹಾಕಿದ. ಇಡ್ಲಿಗೆ ನೆನೆಹಾಕಿದ್ದ ಅನಸೂಯಮ್ಮ ಗುಂಡು ಕೆಳಗಿಳಿಯುವುದನ್ನೇ ಕಾಯುತ್ತ ಜಗುಲಿಯ ಮೇಲೆ ಕೂತಿದ್ದಳು. ಎಲ್ಲ ಸರಿಯಾದ ಮೇಲೆ ಸೀನಪ್ಪ ಮಾರ್ಕರ್ ಪೆನ್ನು ತೆಗೆದುಕೊಂಡು, ಬಿಳಿ ಕಟ್ಟಿನ ಮೇಲೆ ಕಾರ್ಖಾನೆಯ ಸಲಕರಣೆಗಳ ಮೇಲೆ ಬರೆಯುವ ಹಾಗೆ ಅಚ್ಚುಕಟ್ಟಾಗಿ ಬರೆದ: ಭಾರ ೨೭ ಕೆ.ಜಿ. ಮುಂದಿನ ತಪಾಸಣೆ ಮೇ ೨.

ಲಿಖಿತ ಜಮಖಾನೆಯಲ್ಲಿ ಕೂತಳು. ಸೀನಪ್ಪ ಸರಪಳಿ ಹಿಡಿದು ಅವಳ ಕೈಯನ್ನೇ ನೋಡಿದ. ಅವಳು ಬೆರಳು ಸುತ್ತಿದಳು. ಕಟಕಟ ಸದ್ದಿನೊಂದಿಗೆ ಮೇಲೆ ಬಂದಳು. ಕುರ್ಚಿಯ ಎತ್ತರ ಬಂದಾಗ ನಿಲ್ಲಿಸಬೇಕಿತ್ತು. ಅವಳು ಸುತ್ತುತ್ತಲೇ ಇದ್ದಳು. ವರಾಂಡದ ಜಗುಲಿಯೇ ಮೂರಡಿ ಎತ್ತರ, ಅದರ ಮೇಲೆ ಅವಳು ಇನ್ನೂ ನಾಲ್ಕಡಿ ಏರಿದಳು. ಕಾಂಪೌಂಡಿನಾಚೆಯ ಬೀದಿ, ಸ್ಟೇಷನ್ನಿನ ಹೊಂಗೆಮರ, ಎದುರು ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದ ಮಾರಿಯಮ್ಮ, ಎಲ್ಲ ಕಂಡವು. ಇಪ್ಪತ್ತು ದಿನದಲ್ಲಿ ಅವಳು ಕಾಂಪೌಂಡು ಗೋಡೆಯಾಚೆಗೆ ನೋಡಿದ್ದು ಅದೇ ಮೊದಲು.

"ತಾತ, ಮಾರಿಯಮ್ಮಜ್ಜಿ ತಲೆ ಮಧ್ಯದಲ್ಲಿ ಇಷ್ಟಗಲ ಕೂದ್ಲೇ ಇಲ್ಲ."

"ಊಂ ಕಣಮ್ಮಣ್ಣಿ. ಮ್ಯಾಲಿಂದ ನೋಡಿದ್ರೇನೇ ಕಾಣೋದು ಅದು."

ಬೇರೆ ಯಾರ ತಲೆಯಲ್ಲಿ ಏನಿತ್ತು ಎಂದು ಅವಳು ಕೇಳಿದಳು. ಸೀನಪ್ಪ ಸರಪಳಿ ಹಿಡಿದುಕೊಂಡೇ ಹೇಳಲು ಶುರುಮಾಡಿದ. ವೆಂಕಿಯ ಎರಡು ಸುಳಿ, ವಿಗ್ ಹಾಕುತ್ತಿದ್ದ ಸೂಪರ್‌ವೈಸರು, ಮೇಲೆ ಊಟ ಮಾಡುವಾಗ ತನ್ನ ಮೊಸರನ್ನ ಜಾರಿ ಮ್ಯಾನೇಜರ ನೆತ್ತಿಗೆ ಬಿದ್ದದ್ದು, ಆತ ತಲೆ ಸವರಿಕೊಂಡು ಆ ಶೆಡ್ಡಿನಲ್ಲಿ ಇಲ್ಲದೇ ಇದ್ದ ಕಾಗೆಯನ್ನು ಬೈದದ್ದು. ಮೇಲೆ ನೇತಾಡುತ್ತಿದ್ದ ಲಿಖಿತ ನಕ್ಕು ನಕ್ಕು ಜಮಖಾನೆ ಗಿರಗಿರ ತಿರುಗಿತು. ಇಷ್ಟೊಂದು ಮಾತು ಈ ಮನುಷ್ಯನ ಒಳಗೆ ಎಲ್ಲಿತ್ತು ಎಂದು ಅನಸೂಯಮ್ಮ ಇಡ್ಲಿ ಹಿಟ್ಟು ಬಿಟ್ಟು ಬಾಗಿಲಿಗೆ ಬಂದು ನಿಂತಳು.

ಆವತ್ತು ಶ್ಯಾಮಲ ಅರ್ಧ ದಿನ ರಜೆ ಹಾಕಿ ಮಗಳನ್ನು ನೋಡಲು ಬಂದಿದ್ದಳು. ಗೇಟು ತೆರೆದು ನೋಡಿದರೆ, ಎರಡು ಕಾಲೂ ಮುರಿದ ಮಗಳು ತಲೆಯ ಮಟ್ಟಕ್ಕಿಂತ ಮೇಲೆ ಜಮಖಾನೆಯಲ್ಲಿ ತಿರುಗುತ್ತಿದ್ದಾಳೆ. ಕೈಲಿದ್ದ ಚೀಲ ಬಿಟ್ಟು, ಎರಡೂ ಕೈ ಮೇಲೆತ್ತಿ ಬೀಸುತ್ತ ಓಡಿಬಂದಳು.

ಸೀನಪ್ಪ ತಕ್ಷಣ ಎಲ್ಲವನ್ನೂ ನಿಲ್ಲಿಸಿದ. ಸರಪಳಿ ಬಿಗಿಮಾಡಿದ. ಶ್ಯಾಮಲ ಇಳಿಸು ಇಳಿಸು ಎಂದು ಕೂಗಿದರೂ ಅವನು ಕದಲಲಿಲ್ಲ.

"ಖಲಾಸಿ ಯೋಳ್ಬೇಕಮ್ಮ" ಅಂದ.

ಖಲಾಸಿ ಮೇಲೆ ಕೈಕಟ್ಟಿಕೊಂಡು ಕೂತಿತ್ತು. ಇಷ್ಟು ಒಳ್ಳೆಯ ಸಮಯ ಮತ್ತೆ ಸಿಗದೆಂದು ಲಿಖಿತಳಿಗೆ ತಿಳಿಯಿತು. ತಪಾಸಣೆಗೆ ಬಂಗಾರಪೇಟೆಗೆ ಹೋದಾಗ ಪಾನಿಪುರಿ ತಿನ್ನಿಸಬೇಕು, ಒಂದಲ್ಲ, ಎರಡು ಪ್ಲೇಟು, ಅಂದಳು. ಶ್ಯಾಮಲ ಒಪ್ಪಿಕೊಂಡಳು. ಆಮೇಲೆ ಬೆರಳು ಕೆಳಗೆ ಸುತ್ತಿತು, ಮಗು ಕಟಕಟನೆ ಇಳಿಯಿತು.

ಇಳಿದ ಮೇಲೆ ನಡೆದ ಜಗಳವನ್ನು ಬೀದಿಯವರೆಲ್ಲ ಕೇಳಿಸಿಕೊಂಡರು. ಅಪ್ಪನಿಗೆ ವಯಸ್ಸಾದರೂ ಬುದ್ಧಿ ಬರಲಿಲ್ಲ, ಅಮ್ಮನಾದರೂ ಹೇಳಬಾರದಿತ್ತೇ ಎಂದು ಶ್ಯಾಮಲ ಅತ್ತಳು. ರುಬ್ಬುಗುಂಡು ಹಾಕಿ ನೋಡಿದ್ದೆವಲ್ಲ ಎಂದು ಅನಸೂಯಮ್ಮ ಗಂಡನ ಪರ ಮಾತಾಡಿದ್ದು ಉರಿಗೆ ತುಪ್ಪ ಹಾಕಿದಂತಾಯಿತು. ಸಂಜೆಯೇ ವೆಂಕಿ ಬಂದು ಚೈನ್ ಬ್ಲಾಕ್ ತೆಗೆದುಕೊಂಡು ಹೋದ. ಸೀನಪ್ಪ ಬಿಚ್ಚಿದ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆಯೇ ಬಹಳ ಹೊತ್ತು ಕೂತಿದ್ದ.

ಮೇ ಎರಡಕ್ಕೆ ವೆಂಕಿಯ ಆಟೊದಲ್ಲಿ ಬಂಗಾರಪೇಟೆಗೆ ಹೊರಟರು. ಶ್ಯಾಮಲ ಆಸ್ಪತ್ರೆಗೇ ಬರುತ್ತೇನೆ ಅಂದಿದ್ದಳು. ಹಿಂದಿನ ಸೀಟಿನಲ್ಲಿ ಲಿಖಿತ ಅಡ್ಡಡ್ಡ ಒರಗಿ ಕೂತಳು. ಮಡಿಸಲಾಗದ ಹಸಿರು ಕಾಲು ಎಷ್ಟು ಸರಿಮಾಡಿದರೂ ಒಂದೂವರೆ ಅಡಿ ಆಟೊದಿಂದ ಹೊರಗೆ ಚಾಚಿಕೊಂಡಿತು. ಸೀನಪ್ಪ ಇಳಿದು ಹಿಂದೆ ನಿಂತು ನೋಡಿ, ಒಳಗೆ ಹೋಗಿ ಅನಸೂಯಮ್ಮನ ಕೆಂಪು ರವಿಕೆ ಬಟ್ಟೆ ತಂದು ಹೆಬ್ಬೆರಳಿಗೆ ಕಟ್ಟಿದ. ಲೋಡು ಆಚೆ ಬಂದರೆ ಕೆಂಪು ಬಟ್ಟೆ ಕಟ್ಟಲೇಬೇಕು ಎಂದು ವೆಂಕಿಯೂ ತಲೆಯಾಡಿಸಿದ. ಲಿಖಿತ ಟವಲಿನಿಂದ ಮುಖ ಮುಚ್ಚಿಕೊಂಡಳು.

ದಾರಿಯುದ್ದಕ್ಕೂ ಹಿಂದಿನ ಗಾಡಿಗಳು ಗೌರವದಿಂದ ದೂರ ಉಳಿದವು. ಬಂಗಾರಪೇಟೆಯ ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವನು ಆಟೊ ನಿಲ್ಲಿಸಿ, ಯಾವ ಪಕ್ಷದ ಮೆರವಣಿಗೆ, ಪರ್ಮಿಷನ್ ಇದೆಯಾ ಎಂದು ಕೇಳಿದ.

"ಪಕ್ಷ ಅಲ್ಲ ಸಾರ್, ಕಾಲು" ಅಂದ ಸೀನಪ್ಪ. "ಒಂದೂವರೆ ಅಡಿ ಆಚೆ ಐತೆ."

ಪೊಲೀಸಿನವನು ಬಗ್ಗಿ ಒಳಗೆ ನೋಡಿದ. ಹಸಿರು ಕಾಲು ನೋಡಿದ, ಬಿಳಿ ಕಾಲಿನ ಮೇಲೆ ಬರೆದಿದ್ದನ್ನು ಓದಿದ. 'ಮುಂದಿನ ತಪಾಸಣೆ ಮೇ ೨' ಎಂದು ಇದ್ದದ್ದನ್ನು ಓದಿ, ಸರಿ, ಇವತ್ತೇ ತಾನೆ, ತಪಾಸಣೆ ಆಯ್ತು ಎಂದು ಜೇಬಿನಿಂದ ಪೆನ್ನು ತೆಗೆದು ಅದರ ಕೆಳಗೆ ಸಹಿ ಹಾಕಿದ. ಆಮೇಲೆ ನಾಲ್ಕೂ ಕಡೆಯ ಗಾಡಿಗಳನ್ನು ನಿಲ್ಲಿಸಿ ಅವರನ್ನು ಬಿಟ್ಟ. ಲಿಖಿತ ಟವಲು ತೆಗೆದು ನೋಡಿದಳು. ಪೊಲೀಸರ ಸಹಿ ಇರುವ ಕಾಲು ಅವಳ ಕ್ಲಾಸಿನಲ್ಲಿ ಯಾರ ಬಳಿಯೂ ಇರಲಿಲ್ಲ. ಹಸಿರಿನ ಮೇಲೆ ಪೆನ್ನು ಹಿಡಿಯುವುದಿಲ್ಲವೆಂದು ಆಗಲೇ ಅವಳಿಗೆ ಹೊಳೆದದ್ದು. ಅಲ್ಲಿಂದ ಮುಂದೆ ಅವಳು ಬಿಳಿ ಕಾಲನ್ನೇ ಮುಂದೆ ಮಾಡಿಕೊಂಡಳು.

ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿ ಕೂಡುತ್ತಿದೆ ಅಂದರು. ಕಟ್ಟನ್ನು ತಟ್ಟಿದಾಗ ಪೌಡರು ಉದುರಿತು. ಯಾರ ಬುದ್ಧಿವಂತಿಕೆ ಇದು ಎಂದು ಕೇಳಿದರು. ಸೀನಪ್ಪ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡತೊಡಗಿದ. ಗಾಳಿ ಸಾಕು, ಪೌಡರು ಬೇಡ ಎಂದು ಹೇಳಿ, ಅವರೂ ತಮ್ಮ ಪೆನ್ನಿನಲ್ಲಿ ಕಟ್ಟಿನ ಮೇಲೆ ಮುಂದಿನ ತಾರೀಖು ಬರೆದರು. ಪಾನಿಪುರಿಯವನು ಪ್ಲೇಟುಗಳನ್ನು ಆಟೊಕ್ಕೇ ತಂದುಕೊಟ್ಟ. ನೀರಿನಂತೆ ತಿಳಿಯಾದ ಬಂಗಾರಪೇಟೆಯ ಪಾನಿ ಕುಡಿದು ಕಣ್ಣಲ್ಲಿ ಮೂಗಲ್ಲಿ ನೀರು ಬಂದರೂ ಲಿಖಿತ ಎರಡು ಪ್ಲೇಟನ್ನೂ ಮುಗಿಸಿದಳು, ವೆಂಕಿ ಮೂರು. ಪಾನಿಪುರಿಯವನೂ, ಅಲ್ಲಿ ತಿನ್ನುತ್ತಿದ್ದ ಆರು ಜನರೂ, ಕಚೇರಿಯಿಂದ ಹೊರಡಲು ತಡವಾಗಿ ಕೊನೆಗೆ ಅಲ್ಲಿಗೇ ಬಂದ ಶ್ಯಾಮಲಳೂ ಸಹಿ ಹಾಕಿದರು. ಕೆಂಪು ಬಟ್ಟೆ ಕಂಡು ಶ್ಯಾಮಲ ಏನೋ ಅನ್ನಲು ಹೋಗಿ, ಮಗಳ ಮುಖ ನೋಡಿ ಅದರ ಗಂಟನ್ನೇ ಬಿಗಿಮಾಡಿದಳು.

ಇಪ್ಪತ್ತಮೂರಕ್ಕೆ ಕಟ್ಟು ಬಿಚ್ಚಿದರು. ಒಳಗಿನಿಂದ ಬಂದ ಕಾಲುಗಳು ನುಗ್ಗೇಕಾಯಿಯಂತೆ ತೆಳ್ಳಗೆ, ಹೊಟ್ಟು ಹೊಟ್ಟಾಗಿದ್ದವು. ಇವು ನನ್ನವಲ್ಲ ಎಂದು ಲಿಖಿತ ಮುಖ ತಿರುಗಿಸಿದಳು. ದಿನಾ ಸ್ವಲ್ಪ ಸ್ವಲ್ಪ ಗೋಡೆ ಹಿಡಿದು ನಡೆಯಲಿ, ಏನೂ ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಭಯವಿದ್ದದ್ದು ಡಾಕ್ಟರಿಗಲ್ಲ. ಊರಿಗಾಮಿಗೆ ವಾಪಸು ಬಂದವಳು ಮಂಚ ಬಿಟ್ಟು ಇಳಿಯಲಿಲ್ಲ. ನೆಲಕ್ಕೆ ತುದಿಬೆರಳು ತಾಗಿಸಿದ್ದೇ ತಡ ಕಾಲನ್ನು ಮತ್ತೆ ಮೇಲೆ ಎಳೆದುಕೊಳ್ಳುವಳು. ಅನಸೂಯಮ್ಮ ಎಣ್ಣೆ ತಿಕ್ಕಿದಳು. ಮಾರಿಯಮ್ಮ ಪುತ್ತೂರಿನ ಮಾತೆತ್ತಿದಳು. ಶಾಲೆ ಶುರುವಾಗಲು ಐದೇ ದಿನ ಉಳಿದಿದೆ ಎಂದು ಶ್ಯಾಮಲ ಹೊತ್ತು ಹೊತ್ತಿಗೆ ಫೋನು ಮಾಡುತ್ತಿದ್ದಳು.

ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ಬೆಳಿಗ್ಗೆ ಸೀನಪ್ಪ ಹಜಾರಕ್ಕೆ ಬಂದಾಗ ಲಿಖಿತ ಮಂಚದ ಅಂಚಿನಲ್ಲಿ ಕೂತು ಅವನನ್ನೇ ಕಾಯುತ್ತಿದ್ದಳು. ಬೆರಳನ್ನು ಮೇಲೆ ಮಾಡಿ ಸುತ್ತಿದಳು. ಎತ್ತು ಅನ್ನುವ ಸನ್ನೆ, ತಪ್ಪಿಲ್ಲದ ಸನ್ನೆ. ಸೀನಪ್ಪನ ಕೈ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ಅವನು ಆ ಕೈಯನ್ನು ಹಿಂದಕ್ಕೆ ತೆಗೆದು, ಕಾಣದವನ ಹಾಗೆ ಮುಖ ಆಚೆ ಮಾಡಿ, ನೇರವಾಗಿ ಹಿತ್ತಿಲಿಗೆ ನಡೆದುಬಿಟ್ಟ.

ಹಿತ್ತಿಲಿನಲ್ಲಿ ಕರಿಬೇವಿನ ಗಿಡದ ಮುಂದೆ ನಿಂತ. ಕೆಳಗೆ ಖಲಾಸಿ ಸನ್ನೆ ಮಾಡುತ್ತಿದ್ದಾನೆ, ತಾನು ಕ್ಯಾಬಿನ್ನಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೇನೆ ಅನ್ನುವಂತಾಗಿತ್ತು ಅವನಿಗೆ. ವಾಪಸು ಹೋಗಿ ಎತ್ತಿಬಿಡೋಣ ಎಂದು ಎರಡು ಸಲ ತಿರುಗಿದ, ಎರಡು ಸಲವೂ ಗಿಡದ ಕಡೆಗೇ ನಿಂತ. ಏನು ಮಾಡಲೂ ತೋಚದೆ ಕರಿಬೇವಿನ ಎಲೆಗಳನ್ನು ಕೀಳತೊಡಗಿದ.

ಅರ್ಧ ಗಿಡ ಬೋಳಾಗುವ ಹೊತ್ತಿಗೆ ಹಿಂದೆ ಬಚ್ಚಲುಮನೆಯ ಬಾಗಿಲು ಕಿರುಗುಟ್ಟಿ, ಚಿಲಕ ಬಿದ್ದ ಸದ್ದಾಯಿತು. ಅನಸೂಯಮ್ಮ ಸ್ನಾನಕ್ಕೆ ಹೋದಳೆಂದುಕೊಂಡ. ಆಗ ಅನಸೂಯಮ್ಮ ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಹಜಾರಕ್ಕೆ ಇಣುಕಿದರೆ ಮಂಚ ಖಾಲಿ. ಗೋಡೆಯುದ್ದಕ್ಕೂ ಎಣ್ಣೆಗೈಯ ಗುರುತುಗಳು ಹಿತ್ತಿಲ ಬಾಗಿಲವರೆಗೆ ಬಂದಿದ್ದವು.

ಅನಸೂಯಮ್ಮ ಓಡಿಹೋಗಿ ಬಾಗಿಲು ಬಡಿದಳು. ಬಿದ್ದುಗಿದ್ದೀಯ, ಚಿಲಕ ತೆಗಿ, ನಾನು ಒಳಗೆ ಬರುತ್ತೇನೆ ಅಂದಳು. ಒಳಗಿನಿಂದ ಖಡಾಖಂಡಿತವಾಗಿ ಉತ್ತರ ಬಂತು.

"ಯಾರೂ ಬರ್ಬೇಡಿ. ಆರು ವಾರ ಆಯ್ತು ನಾನು ಒಬ್ಳೇ ಬಂದು."

ಅನಸೂಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಳು. ಸೀನಪ್ಪ ಪಕ್ಕದಲ್ಲಿ ಕೂತ. ಒಳಗೆ ನೀರು ಸುರಿಯುವ ಸದ್ದು ಶುರುವಾಯಿತು. ಒಂದು ಚೊಂಬು, ಇನ್ನೊಂದು ಚೊಂಬು, ಲೆಕ್ಕವಿಲ್ಲದಷ್ಟು. ನಡುವೆ ಹಾಡು ಬೇರೆ. ಆ ಬೀದಿಗೆ ನಲ್ಲಿ ನೀರು ಬರುವುದು ಆರು ದಿನಕ್ಕೊಮ್ಮೆ. ಹಿಂದಿನ ದಿನವಷ್ಟೇ ಬಚ್ಚಲ ಡ್ರಮ್ಮು ತುಂಬಿಸಿದ್ದರು. ಅರ್ಧ ಗಂಟೆಯಾದರೂ ನಿಲ್ಲದಿದ್ದಾಗ ಅನಸೂಯಮ್ಮ ತಡೆಯಲಾರದೆ ನೀರಿನ ಮಾತೆತ್ತಿದಳು.

"ಓದ್ರೆ ಓಗ್ಲಿ ಬಿಡು" ಅಂದ ಸೀನಪ್ಪ.

ಮುಕ್ಕಾಲು ಗಂಟೆಯಾದ ಮೇಲೆ ಚಿಲಕ ತೆಗೆಯಿತು. ಲಿಖಿತ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು, ಒದ್ದೆ ಕೂದಲು, ಅಜ್ಜಿಯ ಟವಲು, ತಿಕ್ಕಿ ತಿಕ್ಕಿ ಕೆಂಪಾದ ಎರಡು ಕಡ್ಡಿ ಕಾಲು. ಹೊಸ ಸೋಪು ಪೂರ್ತಿ ಕರಗಿತ್ತು. ತಿಂಡಿ ಏನು ಎಂದು ಕೇಳಿದಳು. ಅನಸೂಯಮ್ಮ ಉಪ್ಪಿಟ್ಟು ಅಂದಾಗ, ಕರಿಬೇವು ಜಾಸ್ತಿ ಹಾಕಬೇಡ ಎಂದು ಹೇಳಿ, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಒಳಗೆ ಹೋದಳು.

ಮೇ ಇಪ್ಪತ್ತೊಂಬತ್ತಕ್ಕೆ ಅವಳು ಸ್ವಲ್ಪ ಕುಂಟುತ್ತ ಶಾಲೆಗೆ ಹೋದಳು. ಬಿಚ್ಚಿದ ಬಿಳಿ ಕಟ್ಟನ್ನು ಚೀಲದಲ್ಲಿ ಒಯ್ದು ಪೊಲೀಸರ ಸಹಿಯನ್ನು ಎಲ್ಲರಿಗೂ ತೋರಿಸಿದಳಂತೆ. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಮಾತ್ರ ಡ್ರಮ್ಮಿನ ತಳದಲ್ಲಿ ಒಂದು ಚೊಂಬಿನಷ್ಟೂ ನೀರು ಉಳಿದಿರಲಿಲ್ಲ. ಸೀನಪ್ಪ ಎರಡು ಕೊಡ ಹಿಡಿದು ಮಾರಿಯಮ್ಮನ ಮನೆಗೆ ಹೋದ. ಆಕೆ ಅಡುಗೆಗೆ ಎರಡು ಕೊಡ ಕೊಟ್ಟಳು, ಸ್ನಾನಕ್ಕೆ ಕೊಡಲಾರೆ ಅಂದಳು. ಹೀಗಾಗಿ ಅವನು ಆವತ್ತೂ, ಮಾರನೆಯ ದಿನವೂ, ಅದರ ಮಾರನೆಯ ದಿನವೂ ಮುಖ ತೊಳೆದುಕೊಂಡು ಸುಮ್ಮನಿದ್ದ.